ಕತ್ತರಿ ಹಿಡಿಯುವ ಮುನ್ನ ಮೊಗ್ಗು ಎಲ್ಲಿದೆ ನೋಡಿ

ಪ್ರಶ್ನೆ: ನಮ್ಮ ಕೈತೋಟದಲ್ಲಿ 12 ವರ್ಷದ ಒಂದು ಮಾವಿನ ಮರ, ಒಂದು ನಿಂಬೆ, ನಾಲ್ಕಾರು ದಾಸವಾಳ, ಗುಲಾಬಿ, ಒಂದು ಕಾಗದದ ಹೂವಿನ ಬಳ್ಳಿ, ನೆರಳಲ್ಲಿ ಒಂದು ನೀಲಿ ಹೈಡ್ರೇಂಜಿಯಾ ಇವೆ. ನಮ್ಮಲ್ಲಿ ಚಳಿ ಕಡಿಮೆ, ಬೇಸಿಗೆ ಜೋರು, ಆಮೇಲೆ ಮೂರ್ನಾಲ್ಕು ತಿಂಗಳು ಮಳೆ. ಚಳಿಗಾಲದ ಕೊನೆಯಲ್ಲಿ ಎಲ್ಲವನ್ನೂ ಸವರಬೇಕು ಎಂದು ಓದಿ ಹಾಗೇ ಮಾಡಿದೆ. ಗುಲಾಬಿ, ದಾಸವಾಳ ತುಂಬಾ ಚೆನ್ನಾಗಿ ಬಂದವು. ಹೈಡ್ರೇಂಜಿಯಾ ಒಂದೇ ಒಂದು ಹೂ ಬಿಡಲಿಲ್ಲ. ಮಾವು ಬರೀ ಎಲೆ ಬಿಟ್ಟಿತು. ನಿಂಬೆಯ ಒಳಗಿನ ಕೊಂಬೆಗಳ ತೊಗಟೆ ಬೇಸಿಗೆಯಲ್ಲಿ ಸೀಳಿಕೊಂಡಿದೆ. ನನ್ನ ಅಕ್ಕ ಹಿಮ ಬೀಳುವ ಊರಿನಲ್ಲಿದ್ದಾಳೆ. ಅವಳು ಸೆಪ್ಟೆಂಬರ್ ಕೊನೆಯಲ್ಲಿ ಗುಲಾಬಿ, ಲೈಲಾಕ್ ಎಂಬ ಹೂಪೊದೆ ಎರಡನ್ನೂ ಸವರಿದಳು. ಗುಲಾಬಿಯ ಚಿಗುರು ಚಳಿಗೆ ಕಪ್ಪಾಯಿತು, ಲೈಲಾಕ್ ಮುಂದಿನ ವಸಂತದಲ್ಲಿ ಹೂ ಬಿಡಲಿಲ್ಲ. ಹಾಗಾದರೆ ಸರಿಯಾದ ಕಾಲ ಯಾವುದು? ಕತ್ತರಿಸಿದ ಜಾಗಕ್ಕೆ ಬಣ್ಣ ಬಳಿಯಬೇಕಾ? ಮಾವು ತುಂಬಾ ಎತ್ತರ ಹೋಗಿದೆ, ತಲೆ ಕತ್ತರಿಸಬಹುದಾ?

ಉತ್ತರ: ನಿಮ್ಮ ಪತ್ರ ಓದಿದಾಗ ಮೊದಲು ಕಂಡದ್ದು ಒಂದು ಅಳುಕು. ಗಿಡಗಳನ್ನು ನಾವೇ ಕೈಯಾರೆ ಹಾಳು ಮಾಡಿದೆವಾ ಎಂಬ ಅಳುಕು. ಮೊದಲು ಅದನ್ನು ಬಿಡಿ. ನಿಮ್ಮ ಯಾವ ಗಿಡವೂ ಸಾಯುವ ಸ್ಥಿತಿಯಲ್ಲಿಲ್ಲ. ಹೈಡ್ರೇಂಜಿಯಾ, ಮಾವು, ಲೈಲಾಕ್ ಒಂದು ವರ್ಷದ ಹೂ ಕಳೆದುಕೊಂಡಿವೆ, ಅಷ್ಟೇ. ನಿಂಬೆಯನ್ನು ಮಾತ್ರ ಸ್ವಲ್ಪ ಗಮನಿಸಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

"ಚಳಿಗಾಲದ ಕೊನೆಯಲ್ಲಿ ಸವರಿ" ಎಂಬ ಮಾತು ಸುಳ್ಳಲ್ಲ. ಅದು ಒಂದು ಬಗೆಯ ಹವೆಯಲ್ಲಿ, ಒಂದು ಬಗೆಯ ಗಿಡಗಳಿಗೆ ಹುಟ್ಟಿದ ಮಾತು. ಚಳಿಗೆ ಎಲೆ ಉದುರಿಸಿ ಮಲಗುವ ಸೇಬು, ಪಿಯರ್, ಗುಲಾಬಿ ಇಂಥವಕ್ಕೆ ಅದು ಸರಿ. ಆಗ ಎಲೆ ಇರುವುದಿಲ್ಲ, ಮರದ ಆಕಾರ ಪೂರ್ತಿ ಕಾಣುತ್ತದೆ. ಆಹಾರವೆಲ್ಲ ಬೇರು, ಕಾಂಡಗಳಲ್ಲಿ ಕೂಡಿಟ್ಟಿರುತ್ತದೆ. ರೋಗ ಹರಡುವ ಕೀಟಗಳೂ ಕಡಿಮೆ. ಆದರೆ ಈ ಮಾತು ತನ್ನ ಜಾಗ ಬಿಟ್ಟು ಎಲ್ಲ ಕಡೆ ಓಡಾಡಿ, ಎಲ್ಲ ಗಿಡಗಳಿಗೂ ನಿಯಮವಾಗಿಬಿಟ್ಟಿದೆ. ನೀವೂ ಎಡವಿದ್ದು ಅಲ್ಲೇ.

ನಾನು ಯಾರ ತೋಟಕ್ಕೆ ಹೋದರೂ ತಿಂಗಳ ಹೆಸರು ಹೇಳುವುದಿಲ್ಲ. ಎರಡು ಪ್ರಶ್ನೆ ಕೇಳುತ್ತೇನೆ. ಈ ಗಿಡ ಮುಂದಿನ ಹೂವಿನ ಮೊಗ್ಗನ್ನು ಯಾವಾಗ, ಎಲ್ಲಿ ಕಟ್ಟುತ್ತದೆ? ಕತ್ತರಿಸಿದ ಮೇಲಿನ ಆರರಿಂದ ಎಂಟು ವಾರ ಇಲ್ಲಿ ಹವೆ ಹೇಗಿರುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಕಾಲ ತಾನಾಗಿ ಗೊತ್ತಾಗುತ್ತದೆ.

ಮೊದಲನೆಯದನ್ನು ನೋಡೋಣ. ಕೆಲವು ಗಿಡಗಳು ಹೊಸ ಚಿಗುರಿನ ಮೇಲೆ ಹೂ ಬಿಡುತ್ತವೆ. ದಾಸವಾಳ, ಈಗಿನ ಹೆಚ್ಚಿನ ಗುಲಾಬಿಗಳು, ಕಾಗದದ ಹೂ, ಸೀಬೆ ಈ ಗುಂಪು. ಇವನ್ನು ಸವರಿದರೆ ಹೊಸ ರೆಂಬೆ ಜಾಸ್ತಿ ಬರುತ್ತದೆ, ಹೊಸ ರೆಂಬೆ ಬಂದಲ್ಲಿ ಹೂ ಬರುತ್ತದೆ. ನಿಮ್ಮ ಗುಲಾಬಿ, ದಾಸವಾಳ ಚೆನ್ನಾಗಿ ಬಂದದ್ದಕ್ಕೆ ಇದೇ ಕಾರಣ.

ಇನ್ನು ಕೆಲವು ಗಿಡಗಳು ಹೋದ ವರ್ಷ ಬೆಳೆದ ರೆಂಬೆಯ ಮೇಲೇ ಮೊಗ್ಗು ಕಟ್ಟಿಟ್ಟುಕೊಂಡು ಕಾಯುತ್ತವೆ. ನಿಮ್ಮ ನೀಲಿ ಹೈಡ್ರೇಂಜಿಯಾ, ಅಕ್ಕನ ಲೈಲಾಕ್, ಚಳಿ ಊರುಗಳಲ್ಲಿ ಹಳದಿ ಹೂ ತುಂಬಿಕೊಳ್ಳುವ ಫೋರ್ಸಿಥಿಯಾ ಇಂಥವು. ಲೈಲಾಕ್ ವಸಂತದಲ್ಲಿ ಹೂ ಬಿಟ್ಟು ಮುಗಿಸಿ, ಅದೇ ಬೇಸಿಗೆಯಲ್ಲಿ ಮುಂದಿನ ವರ್ಷದ ಮೊಗ್ಗು ಕಟ್ಟಿ ಮುಗಿಸಿರುತ್ತದೆ. ಸೆಪ್ಟೆಂಬರಿನಲ್ಲಿ ಕತ್ತರಿ ಹಾಕಿದರೆ ಹೂವನ್ನೇ ಕತ್ತರಿಸಿದ ಹಾಗೆ. ನೀಲಿ ಹೈಡ್ರೇಂಜಿಯಾದ ಕತೆಯೂ ಇದೇ. ಬೇಸಿಗೆಯ ಕೊನೆಯಿಂದ ಅದರ ರೆಂಬೆಗಳ ತುದಿಯಲ್ಲಿ ದಪ್ಪ ಮೊಗ್ಗುಗಳು ಕೂತಿರುತ್ತವೆ. ನೀವು ಚಳಿಗಾಲದ ಕೊನೆಯಲ್ಲಿ ಅಷ್ಟನ್ನೂ ತೆಗೆದುಬಿಟ್ಟಿರಿ. ಇಂಥ ಗಿಡಗಳಿಗೆ ಹೂ ಬಾಡಿದ ಕೂಡಲೇ, ಅಂದರೆ ಎರಡು ಮೂರು ವಾರದೊಳಗೆ ಸವರಬೇಕು. ಆಗ ಹೊಸ ರೆಂಬೆ ಬೆಳೆದು ಬಲಿತು ಮೊಗ್ಗು ಕಟ್ಟಲು ಸಾಕಷ್ಟು ಸಮಯ ಸಿಗುತ್ತದೆ.

ಹೈಡ್ರೇಂಜಿಯಾದಲ್ಲೇ ಒಂದು ತೊಡಕಿದೆ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಗೋಪುರದಂತೆ ಉದ್ದನೆಯ ಬಿಳಿ ಗೊಂಚಲು ಬಿಡುವ ಪ್ಯಾನಿಕ್ಯುಲಾಟಾ ಎಂಬ ಜಾತಿ ಹೊಸ ಚಿಗುರಿನ ಮೇಲೇ ಹೂ ಬಿಡುತ್ತದೆ. ಅದನ್ನು ಚಳಿಗಾಲದ ಕೊನೆಯಲ್ಲಿ ಧಾರಾಳವಾಗಿ ಸವರಬಹುದು. ಹೆಸರು ಒಂದೇ, ನಡೆ ಬೇರೆ. ಅದಕ್ಕೇ ಗಿಡದ ಹೆಸರಿಗಿಂತ ಅದರ ಹೂವು ಯಾವ ರೆಂಬೆಯಲ್ಲಿ ಬರುತ್ತದೆ ಎಂದು ಒಂದು ವರ್ಷ ಸುಮ್ನೆ ನೋಡಿ ಎಂದು ನಾನು ಹೇಳುವುದು. ಹಸಿರಾದ ಎಳೆ ರೆಂಬೆಯ ತುದಿಯಲ್ಲಾ? ಕಂದು ಬಣ್ಣಕ್ಕೆ ತಿರುಗಿದ ಹಳೆ ರೆಂಬೆಯಲ್ಲಾ? ಇದನ್ನು ನೋಡಲು ಪುಸ್ತಕ ಬೇಡ. ಹೊಸ ಮನೆಗೆ ಬಂದವರು, ಗಿಡದ ಗುರುತೇ ಇಲ್ಲದವರು ಮೊದಲ ವರ್ಷ ಒಣಗಿದ, ಮುರಿದ ರೆಂಬೆಗಳನ್ನು ಮಾತ್ರ ತೆಗೆಯಿರಿ. ಅವನ್ನು ಯಾವ ಕಾಲದಲ್ಲಿ ತೆಗೆದರೂ ತೊಂದರೆ ಇಲ್ಲ.

ಮಾವು ಈ ಎರಡೂ ಗುಂಪಿಗೆ ಪೂರ್ತಿ ಸೇರುವುದಿಲ್ಲ. ಅದು ಬಲಿತ ರೆಂಬೆಯ ತುದಿಯಲ್ಲಿ ಹೂಗೊಂಚಲು ಬಿಡುತ್ತದೆ. ಎಳೆ ಚಿಗುರಿಗೆ ಆ ಶಕ್ತಿ ಇಲ್ಲ. ಚಿಗುರು ಬಂದು ಕೆಲವು ತಿಂಗಳು ಬಲಿಯಬೇಕು, ಆಮೇಲೆ ಸ್ವಲ್ಪ ತಂಪು ಅಥವಾ ಒಣ ಹವೆ ಸಿಗಬೇಕು. ಆಗ ಹೂ. ನೀವು ಚಳಿಗಾಲದ ಕೊನೆಯಲ್ಲಿ ಕತ್ತರಿಸಿದಾಗ ತುದಿಗಳು ಹೂವಿಗೆ ಸಿದ್ಧವಾಗಿದ್ದವು, ಕೆಲವು ಆಗಲೇ ಬಿಡುತ್ತಿದ್ದವೇನೋ. ಅವು ಹೋದವು. ಅವುಗಳ ಜಾಗದಲ್ಲಿ ಎಲೆ ಬಂತು. ಮಾವಿಗೆ ಸರಿಯಾದ ಕಾಲ ಹಣ್ಣು ಕಿತ್ತ ಕೂಡಲೇ. ಒಂದು ತಿಂಗಳು ತಡ ಮಾಡಿದರೂ ಚಿಗುರು ಬಲಿಯುವ ಸಮಯ ಅಷ್ಟು ಕಡಿಮೆಯಾಗುತ್ತದೆ.

ಈಗ ಎರಡನೆಯ ಪ್ರಶ್ನೆ, ಹವೆ. ಕತ್ತರಿಸಿದರೆ ಗಿಡ ಯಾಕೆ ಚಿಗುರುತ್ತದೆ ಎಂದು ತಿಳಿದರೆ ಇದು ಸುಲಭ. ರೆಂಬೆಯ ತುದಿಮೊಗ್ಗಿನಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಿ ಕೆಳಗಿಳಿಯುತ್ತಿರುತ್ತದೆ. ಅದು ಇಳಿಯುವವರೆಗೆ ಕೆಳಗಿನ ಕಣ್ಣುಗಳು ಮಲಗಿರುತ್ತವೆ. ತುದಿ ಕತ್ತರಿಸಿದಿರಿ ಎಂದರೆ ಆ ತಡೆ ತಪ್ಪಿತು. ಕೆಳಗಿನ ಎರಡು ಮೂರು ಕಣ್ಣುಗಳು ಏಳುತ್ತವೆ. ಹಾಗಾಗಿ ನೀವು ಸವರಿದಾಗಲೆಲ್ಲ ಗಿಡಕ್ಕೆ "ಏಳು, ಬೆಳೆ" ಎಂದು ಹೇಳುತ್ತಿದ್ದೀರಿ. ಬೆಳೆಯುವ ಕಾಲದಲ್ಲಿ ಹೇಳಿದರೆ ಒಳ್ಳೆಯದು. ಮಲಗುವ ಕಾಲದಲ್ಲಿ ಹೇಳಿದರೆ ಪೆಟ್ಟು.

ಅಕ್ಕನ ಗುಲಾಬಿಗೆ ಆದದ್ದು ಆ ಪೆಟ್ಟೇ. ಚಳಿ ಊರಿನಲ್ಲಿ ಬೇಸಿಗೆಯ ಕೊನೆಯಿಂದ ಗಿಡಗಳು ನಿಧಾನವಾಗಿ ಗಟ್ಟಿಯಾಗುತ್ತಾ ಬರುತ್ತವೆ. ರೆಂಬೆ ಬಲಿಯುತ್ತದೆ, ಜೀವಕೋಶಗಳು ಚಳಿ ತಡೆಯಲು ಸಿದ್ಧವಾಗುತ್ತವೆ. ಆ ಹೊತ್ತಿಗೆ ಕತ್ತರಿ ಬಿದ್ದರೆ ಎಳೆ ಚಿಗುರು ಹೊರಡುತ್ತದೆ. ಎಳೆ ಚಿಗುರಿನಲ್ಲಿ ನೀರು ಜಾಸ್ತಿ. ನೀರು ಹೆಪ್ಪುಗಟ್ಟುವ ಮೊದಲ ರಾತ್ರಿಯೇ ಅದು ಕಪ್ಪಾಗುತ್ತದೆ. ಮೊದಲ ಹೆಪ್ಪುಚಳಿಗೆ ಆರೆಂಟು ವಾರ ಉಳಿದಿರುವಾಗಲೇ ಅಲ್ಲಿ ಕತ್ತರಿ ಒಳಗಿಡಬೇಕು. ಆಮೇಲೆ ಗಿಡ ಪೂರ್ತಿ ಮಲಗಿದ ಮೇಲೆ, ಚಳಿಯ ಕಟು ದಿನಗಳು ಕಳೆದ ಮೇಲೆ, ಕಣ್ಣುಗಳು ಉಬ್ಬುವ ಮುಂಚೆ ಗುಲಾಬಿ ಸವರಬಹುದು. ಅವರಿರುವುದು ಭೂಮಿಯ ದಕ್ಷಿಣಾರ್ಧದಲ್ಲಾದರೆ ಇದೆಲ್ಲ ಆರು ತಿಂಗಳು ಆಚೀಚೆ ಆಗುತ್ತದೆ. ಸೆಪ್ಟೆಂಬರ್ ಅಲ್ಲಿ ವಸಂತ. ನಿಮ್ಮ ಪತ್ರದಲ್ಲಿ ಚಿಗುರು ಸುಟ್ಟ ವಿಷಯ ಇರುವುದರಿಂದ ಉತ್ತರಾರ್ಧ ಎಂದೇ ತಿಳಿದು ಹೇಳುತ್ತಿದ್ದೇನೆ.

ಚಳಿ ಊರಿನಲ್ಲೂ ಕೆಲವು ಮರಗಳಿಗೆ ಚಳಿಗಾಲವೇ ತಪ್ಪು ಕಾಲ. ಪ್ಲಮ್, ಚೆರ್ರಿ ಮರಗಳಿಗೆ ಬೆಳ್ಳಿ ಎಲೆ ರೋಗ ಎಂಬ ಶಿಲೀಂಧ್ರ ರೋಗ ಬರುತ್ತದೆ. ಅದರ ಬೀಜಕಣಗಳು ಶರತ್ಕಾಲ, ಚಳಿಗಾಲದ ಒದ್ದೆ ದಿನಗಳಲ್ಲಿ ಹಾರಾಡುತ್ತಾ ಹಸಿ ಗಾಯದೊಳಗೆ ಇಳಿಯುತ್ತವೆ. ಅದಕ್ಕೇ ಅವನ್ನು ಬೇಸಿಗೆಯಲ್ಲಿ ಸವರುವುದು. ಓಕ್ ಮರಕ್ಕೆ ಇದರ ಉಲ್ಟಾ. ಅಮೆರಿಕದ ಕೆಲವು ಭಾಗಗಳಲ್ಲಿ ಓಕ್ ಬಾಡು ರೋಗ ಇದೆ. ಹೊಸ ಗಾಯದ ರಸಕ್ಕೆ ಬರುವ ಸಣ್ಣ ದುಂಬಿಗಳು ಅದನ್ನು ಹರಡುತ್ತವೆ. ವಸಂತದಿಂದ ಬೇಸಿಗೆಯ ನಡುವಿನ ತನಕ ಅಲ್ಲಿ ಓಕ್ ಮುಟ್ಟಬಾರದು, ಚಳಿಗಾಲದಲ್ಲೇ ಮಾಡಬೇಕು. ಮೇಪಲ್, ಬರ್ಚ್, ಅಖ್ರೋಟು ಮರಗಳನ್ನು ಚಳಿಗಾಲದ ಕೊನೆಯಲ್ಲಿ ಕತ್ತರಿಸಿದರೆ ಗಾಯದಿಂದ ರಸ ಧಾರೆಯಾಗಿ ಸುರಿಯುತ್ತದೆ. ಜನ ಹೆದರಿ ಬಟ್ಟೆ ಕಟ್ಟುತ್ತಾರೆ, ಮೇಣ ಹಚ್ಚುತ್ತಾರೆ. ನೋಡಲು ಭಯವಾದರೂ ಅದರಿಂದ ಮರ ಸಾಯುವುದಿಲ್ಲ. ಎಲೆ ಬಂದ ಮೇಲೆ ತಾನೇ ನಿಲ್ಲುತ್ತದೆ. ನೋಡಲಾಗದಿದ್ದರೆ ಎಲೆ ಪೂರ್ತಿ ಬಲಿತ ಮೇಲೆ, ನಡುಬೇಸಿಗೆಯಲ್ಲಿ ಸವರಿ.

ಚಳಿಗಾಲ ಮಳೆ, ಬೇಸಿಗೆ ಪೂರ್ತಿ ಒಣ ಎಂಬಂಥ ಹವೆ ಮೆಡಿಟರೇನಿಯನ್ ಸಮುದ್ರದ ಸುತ್ತ, ಕ್ಯಾಲಿಫೋರ್ನಿಯಾದಲ್ಲಿ ಇದೆ. ಅಲ್ಲಿ ಗಾಯಕ್ಕೆ ಮಳೆಯೇ ಶತ್ರು. ಏಪ್ರಿಕಾಟ್ ಮರವನ್ನು ಅಲ್ಲಿ ಬೇಸಿಗೆಯ ಕೊನೆಯಲ್ಲಿ, ಮುಂದೆ ಕಡೇ ಪಕ್ಷ ಆರು ವಾರ ಮಳೆ ಇಲ್ಲದ ಹಾಗೆ ನೋಡಿಕೊಂಡು ಸವರುತ್ತಾರೆ. ಚಳಿಗಾಲದ ಮಳೆಯಲ್ಲಿ ಕತ್ತರಿಸಿದರೆ ಕೊಂಬೆ ಒಣಗಿಸುವ ಶಿಲೀಂಧ್ರ ಒಳಹೊಕ್ಕು ವರ್ಷಗಳ ನಂತರ ಇಡೀ ಕೊಂಬೆ ಸಾಯುತ್ತದೆ. ಆಗ ಯಾರಿಗೂ ಹಳೆ ಕತ್ತರಿಯ ನೆನಪಿರುವುದಿಲ್ಲ.

ಇನ್ನು ನಿಮ್ಮ ಹವೆ. ಬಿಸಿ, ಆಮೇಲೆ ಮಳೆ, ಆಮೇಲೆ ಸಣ್ಣ ಚಳಿ. ಇಲ್ಲಿ ಹೆಪ್ಪುಚಳಿಯ ಭಯ ಇಲ್ಲ. ಬಿಸಿಲು ಮತ್ತು ಸತತ ಒದ್ದೆ, ಇವೆರಡೇ ಭಯ. ಜೋರು ಮಳೆಯ ನಡುವೆ ದೊಡ್ಡ ಕೊಂಬೆ ಕತ್ತರಿಸಿದರೆ ಗಾಯ ವಾರಗಟ್ಟಲೆ ಒದ್ದೆ ಇರುತ್ತದೆ. ಶಿಲೀಂಧ್ರಕ್ಕೆ ಅದಕ್ಕಿಂತ ಒಳ್ಳೆ ಜಾಗ ಬೇರೆ ಬೇಕಾ? ಕಡು ಬೇಸಿಗೆಗೆ ಮುಂಚೆ ಮರದ ಒಳಭಾಗ ಬೋಳಾಗುವ ಹಾಗೆ ಸವರಿದರೆ ಅಷ್ಟು ವರ್ಷ ನೆರಳಲ್ಲಿದ್ದ ತೊಗಟೆ ದಿಢೀರನೆ ಬಿಸಿಲಿಗೆ ಬೀಳುತ್ತದೆ. ನಿಮ್ಮ ನಿಂಬೆಗೆ ಆದದ್ದು ಇದೇ. ನಿಂಬೆಯ ತೊಗಟೆ ತೆಳು. ಬಿಸಿಲಿಗೆ ಬೆಂದು ಸೀಳುತ್ತದೆ, ಆ ಸೀಳಿನಲ್ಲಿ ಕೀಟ, ಶಿಲೀಂಧ್ರ ಸೇರುತ್ತವೆ. ಸೀಳಿದ ಕೊಂಬೆಗಳನ್ನು ಈಗಲೇ ತೆಗೆಯಬೇಡಿ. ಅವುಗಳ ಮೇಲೆ ಎಲೆ ಇದ್ದರೆ ಇನ್ನೂ ಮರಕ್ಕೆ ಅನ್ನ ಕೊಡುತ್ತಿವೆ. ಬಿಸಿಲು ಬೀಳುವ ಕಡೆಗೆ ಬಿಳಿ ಬಣ್ಣ ಬಳಿಯಿರಿ. ಗೋಡೆಯ ಒಳಭಾಗಕ್ಕೆ ಬಳಿಯುವ, ನೀರಿನಲ್ಲಿ ಕರಗುವ ಬಿಳಿ ಬಣ್ಣಕ್ಕೆ ಅಷ್ಟೇ ನೀರು ಸೇರಿಸಿದರೆ ಸಾಕು. ಎಣ್ಣೆ ಬಣ್ಣ ಬೇಡವೇ ಬೇಡ. ಹೊಸ ಎಲೆ ಬಂದು ನೆರಳಾದ ಮೇಲೆ ಪೂರ್ತಿ ಒಣಗಿದ್ದನ್ನು ತೆಗೆದರಾಯಿತು. ನಿಂಬೆ ಜಾತಿಯ ಮರಗಳಿಗೆ ಸವರುವುದೇ ಕಡಿಮೆ ಬೇಕು. ಕಸಿಯ ಗಂಟಿನ ಕೆಳಗೆ ಬರುವ ಚಿಗುರು, ಒಣರೆಂಬೆ, ಒಂದಕ್ಕೊಂದು ಉಜ್ಜುವ ರೆಂಬೆ ತೆಗೆದರೆ ಮುಗಿಯಿತು. ಕಸಿಯ ಕೆಳಗಿನ ಚಿಗುರನ್ನು ಮಾತ್ರ ಯಾವಾಗ ಕಂಡರೂ ಬಿಡಬೇಡಿ. ಅದು ಬೇರೆಯೇ ಜಾತಿ, ಬಿಟ್ಟರೆ ನಿಮ್ಮ ನಿಂಬೆಯನ್ನೇ ನುಂಗುತ್ತದೆ.

ವರ್ಷವಿಡೀ ಮಳೆ ಬೀಳುವ ಜಾಗಗಳಲ್ಲಿ ಇರುವವರೂ ನನ್ನನ್ನು ಕೇಳುತ್ತಾರೆ. ಅಲ್ಲಿ ಇರುವುದರಲ್ಲೇ ಒಣ ವಾರಗಳನ್ನು ಹುಡುಕಬೇಕು, ಹೊಸ ಎಲೆ ಬಲಿತು ಗಾಢ ಹಸಿರಾದ ಮೇಲೆ ಸವರಬೇಕು. ಎಲ್ಲ ಹವೆಗೂ ಹೊಂದುವ ಮಾತು ಇದು: ಚಿಗುರು ಆಗಷ್ಟೇ ಹೊರಟಿರುವಾಗ ಮುಟ್ಟಬೇಡಿ. ಗಿಡ ತನ್ನ ಉಳಿತಾಯವನ್ನೆಲ್ಲ ಆ ಎಳೆ ಎಲೆಗಳಿಗೆ ಹಾಕಿರುತ್ತದೆ. ಅವು ಇನ್ನೂ ದುಡಿದು ವಾಪಸ್ ಕೊಟ್ಟಿಲ್ಲ. ಆಗ ಕತ್ತರಿಸಿದರೆ ಬೇರು ಬರಿದಾಗುತ್ತದೆ.

ಗಾಯಕ್ಕೆ ಬಣ್ಣ ಬಳಿಯಬೇಕಾ ಎಂದು ಕೇಳಿದ್ದೀರಿ. ಬೇಡ. ಬಿಸಿಲಿಗೆ ತೊಗಟೆ ಕಾಯಲು ಬಳಿಯುವ ಬಿಳಿ ಬಣ್ಣದ ವಿಷಯ ಬೇರೆ, ಕತ್ತರಿಸಿದ ಬಾಯಿಗೆ ಟಾರು, ಬಣ್ಣ ಮೆತ್ತುವುದು ಬೇರೆ. ನನಗೂ ಕೆಲಸ ಕಲಿಯುವಾಗ ಮೆತ್ತಲು ಹೇಳಿಕೊಟ್ಟಿದ್ದರು, ವರ್ಷಗಟ್ಟಲೆ ಮೆತ್ತಿದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಗಾಯದ ಒಳಗೆ ಏನಾಗುತ್ತದೆ ಎಂದು ನೋಡಿದರು. ಮರಕ್ಕೆ ನಮ್ಮ ಚರ್ಮದ ಹಾಗೆ ಗಾಯ ಮಾಯುವುದಿಲ್ಲ. ಅದು ಕೆಟ್ಟ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿಕೊಂಡು, ಅದರ ಮೇಲೆ ಹೊಸ ಮರ ಬೆಳೆಸುತ್ತದೆ. ಈ ವಿವರಣೆ 1977ರಲ್ಲಿ ಪ್ರಕಟವಾಯಿತು. ಮೇಲೆ ಮೆತ್ತಿದ ಬಣ್ಣದಿಂದ ಕೊಳೆತ ನಿಲ್ಲುವುದಿಲ್ಲ. ಎಷ್ಟೋ ಸಲ ಒಳಗೆ ತೇವ ಹಿಡಿದಿಟ್ಟು ಕೆಟ್ಟದ್ದೇ ಮಾಡುತ್ತದೆ. ಆಗಲೇ ಹೇಳಿದ ಓಕ್ ರೋಗದ ಜಾಗದಲ್ಲಿ, ತಪ್ಪು ಕಾಲದಲ್ಲಿ ಕತ್ತರಿಸಲೇಬೇಕಾಗಿ ಬಂದರೆ ದುಂಬಿ ತಡೆಯಲು ತಕ್ಷಣ ಬಣ್ಣ ಬಳಿಯುವುದುಂಟು. ಅದೊಂದು ವಿನಾಯಿತಿ.

ಬಣ್ಣಕ್ಕಿಂತ ಎಲ್ಲಿ ಕತ್ತರಿಸುತ್ತೀರಿ ಎನ್ನುವುದೇ ಮುಖ್ಯ. ಕೊಂಬೆ ಕಾಂಡಕ್ಕೆ ಸೇರುವ ಜಾಗ ಸ್ವಲ್ಪ ಉಬ್ಬಿರುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಗೋಡೆ ಕಟ್ಟುವ ಸಾಮಾನೆಲ್ಲ ಆ ಉಬ್ಬಿನಲ್ಲಿದೆ. ಉಬ್ಬಿಗೆ ಗಾಯವಾಗದ ಹಾಗೆ, ಅದರ ಹೊರಗೆ ಕತ್ತರಿಸಿ. ಕಾಂಡಕ್ಕೆ ಸವರಿ ನುಣ್ಣಗೆ ತೆಗೆದರೆ ಉಬ್ಬೇ ಹೋಯಿತು. ಉದ್ದ ಮೋಟು ಬಿಟ್ಟರೆ ಅದು ಒಣಗಿ ಕೊಳೆತ ಒಳಗಿಳಿಯುತ್ತದೆ. ಕೈಗಾತ್ರಕ್ಕಿಂತ ದಪ್ಪ ಕೊಂಬೆಯಾದರೆ ಮೂರು ಸಲ ಗರಗಸ ಹಾಕಿ. ಮೊದಲು ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಅರ್ಧ ಕೊಯ್ಯಿರಿ. ಅದರಿಂದ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಭಾರ ಬೀಳಿಸಿ. ಕೊನೆಗೆ ಉಳಿದ ಮೋಟನ್ನು ಉಬ್ಬಿನ ಹೊರಗೆ ನೀಟಾಗಿ ತೆಗೆಯಿರಿ. ಮೇಲಿನಿಂದ ಒಂದೇ ಏಟಿಗೆ ಕೊಯ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸಿಗಿದುಕೊಂಡು ಹೋಗುತ್ತದೆ. ಆ ಗಾಯ ಮುಚ್ಚಲು ಮರಕ್ಕೆ ವರ್ಷಗಳು ಬೇಕು.

ಮಾವಿನ ತಲೆ ಹಾರಿಸುವ ವಿಚಾರಕ್ಕೆ ಬರುತ್ತೇನೆ. ದಯವಿಟ್ಟು ಹಾರಿಸಬೇಡಿ. ತಲೆ ಕತ್ತರಿಸಿದರೆ ಮರ ಗಿಡ್ಡವಾಗಿಯೇ ಉಳಿಯುತ್ತದೆ ಎಂಬ ನಂಬಿಕೆ ಇದೆ. ನಾನು ಕಂಡದ್ದು ಬೇರೆ. ಕತ್ತರಿಸಿದ ಮೋಟಿನ ಸುತ್ತ ಹತ್ತಾರು ಚಿಗುರು ಕೋಲಿನಂತೆ ನೆಟ್ಟಗೆ ಏಳುತ್ತವೆ, ಕೆಲವೇ ವರ್ಷದಲ್ಲಿ ಮೊದಲಿನ ಎತ್ತರ ಮುಟ್ಟುತ್ತವೆ. ಅವು ಮೇಲುಮೇಲೆ ಅಂಟಿಕೊಂಡ ಕೊಂಬೆಗಳು, ಗಾಳಿಗೆ ಕಿತ್ತು ಬರುತ್ತವೆ. ಕೆಳಗೆ ಮೋಟು ಕೊಳೆಯುತ್ತಿರುತ್ತದೆ. ನಿಮಗೆ ಎರಡು ದಾರಿ ಇದೆ. ನನಗೆ ಇಷ್ಟವಾದದ್ದು ನಿಧಾನದ ದಾರಿ: ಹಣ್ಣು ಕಿತ್ತ ಮೇಲೆ ನಡುವಿನ ಎತ್ತರದ ಒಂದು ಕೊಂಬೆಯನ್ನು, ಅದರಿಂದ ಪಕ್ಕಕ್ಕೆ ಹೊರಟಿರುವ, ಅದರ ಮೂರನೇ ಒಂದು ಭಾಗವಾದರೂ ದಪ್ಪ ಇರುವ ಕವಲಿನ ತನಕ ಇಳಿಸುವುದು. ಆ ಕವಲು ಹೊಸ ತುದಿಯಾಗುತ್ತದೆ, ಕೋಲುಚಿಗುರು ಅಷ್ಟಾಗಿ ಏಳುವುದಿಲ್ಲ. ಮುಂದಿನ ವರ್ಷ ಇನ್ನೊಂದು, ಅದರ ಮುಂದಿನ ವರ್ಷ ಮತ್ತೊಂದು. ಹಣ್ಣು ಪೂರ್ತಿ ನಿಲ್ಲುವುದಿಲ್ಲ, ಒಳಗೆ ಬೆಳಕೂ ಬೀಳುತ್ತದೆ. ತಾಳ್ಮೆ ಬೇಕು. ಇನ್ನೊಂದು ದಾರಿ ಒಂದೇ ಸಲ ಜಾಸ್ತಿ ಇಳಿಸುವುದು. ಮಾವು ಗಟ್ಟಿ ಮರ, ತಡೆದುಕೊಳ್ಳುತ್ತದೆ. ಆದರೆ ಎರಡು ಮೂರು ವರ್ಷ ಹಣ್ಣಿನ ಆಸೆ ಬಿಡಬೇಕು, ಬೋಳಾದ ಕಾಂಡಕ್ಕೆ ಬಿಳಿ ಬಳಿಯಬೇಕು, ಬರುವ ಚಿಗುರಿನಲ್ಲಿ ಒಳ್ಳೆಯದನ್ನು ಆರಿಸಿ ಉಳಿದದ್ದನ್ನು ಚಿವುಟುತ್ತಲೇ ಇರಬೇಕು. ಈ ಎರಡನೇ ದಾರಿಯಂಥದ್ದನ್ನು ಬಿಟ್ಟರೆ, ಯಾವುದೇ ಮರದಲ್ಲಾದರೂ ಒಂದು ವರ್ಷಕ್ಕೆ ಎಲೆ ಇರುವ ಭಾಗದ ಕಾಲು ಪಾಲಿಗಿಂತ ಹೆಚ್ಚು ತೆಗೆಯಬಾರದು ಎನ್ನುವುದು ನಮ್ಮ ಕೆಲಸದಲ್ಲಿ ಎಲ್ಲರೂ ಇಟ್ಟುಕೊಂಡ ಲೆಕ್ಕ. ಮುದಿ ಮರಕ್ಕೆ ಇನ್ನೂ ಕಡಿಮೆ. ಹತ್ತಿರದಲ್ಲಿ ವಿದ್ಯುತ್ ತಂತಿ ಇದ್ದರೆ ಅಥವಾ ಏಣಿ ಹತ್ತಿ ಗರಗಸ ಹಿಡಿಯಬೇಕಾಗಿದ್ದರೆ ನೀವು ಮಾಡಬೇಡಿ, ಗೊತ್ತಿರುವವರನ್ನು ಕರೆಯಿರಿ. ಮಾವಿನ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುವವರಿದ್ದಾರೆ, ತುಂಬು ತೋಳಿನ ಅಂಗಿ, ಕೈಗವಸು ಇರಲಿ.

ಕತ್ತರಿ ಚೂಪಾಗಿರಲಿ. ರೋಗದ ರೆಂಬೆ ಕತ್ತರಿಸಿದರೆ ಮುಂದಿನ ಗಿಡಕ್ಕೆ ಹೋಗುವ ಮುಂಚೆ 70 ಶೇಕಡಾ ಆಲ್ಕೋಹಾಲಿನಲ್ಲಿ ಒರೆಸಿ. ಸವರುವ ಮುಂಚೆ ಹಕ್ಕಿಗೂಡು ಇದೆಯಾ ಎಂದು ಒಂದು ಸಲ ಒಳಗೆ ಕಣ್ಣಾಡಿಸಿ. ಮರಿ ಹಾರುವ ತನಕ ಕೆಲವು ವಾರ ಕಾದರೆ ಮರಕ್ಕೇನೂ ನಷ್ಟವಿಲ್ಲ.

ನಿಮ್ಮ ಮುಂದಿನ ವರ್ಷ ಹೀಗಿರಲಿ. ಗುಲಾಬಿಯನ್ನು ಮಳೆ ನಿಂತು ಹವೆ ತಂಪಾದ ಮೇಲೆ ಸವರಿ, ಬೇಸಿಗೆಗೆ ಮುಂಚೆ ಅದಕ್ಕೆ ಒಳ್ಳೆಯ ಹೂವಿನ ಸುತ್ತು ಸಿಗುತ್ತದೆ. ದಾಸವಾಳವನ್ನು ಕಡು ಬೇಸಿಗೆಗೆ ಮುಂಚೆ ಈ ಸಲದ ಹಾಗೇ ಸವರಬಹುದು, ಒಂದೇ ಸಲ ಎಲ್ಲ ರೆಂಬೆ ಬೇಡ. ಅರ್ಧ ಈಗ, ಅರ್ಧ ಒಂದೂವರೆ ತಿಂಗಳ ನಂತರ ಮಾಡಿದರೆ ಗಿಡ ಪೂರ್ತಿ ಹೂವಿಲ್ಲದೆ ನಿಲ್ಲುವುದಿಲ್ಲ. ಕಾಗದದ ಹೂವನ್ನು ಒಂದು ಸುತ್ತು ಹೂ ಉದುರಿದ ಮೇಲೆ ತುದಿ ಕತ್ತರಿಸಿ, ನೀರು ಸ್ವಲ್ಪ ಹಿಡಿದು ಕೊಡಿ. ಅಕ್ಕನ ಲೈಲಾಕ್ ಬುಡದಲ್ಲಿ ಮುದಿ ಕಾಂಡಗಳಿದ್ದರೆ ವರ್ಷಕ್ಕೆ ಮೂರರಲ್ಲಿ ಒಂದರಂತೆ ನೆಲಮಟ್ಟಕ್ಕೆ ತೆಗೆಯಲಿ, ಹೂ ಬಾಡಿದ ವಾರವೇ. ಮೂರು ವರ್ಷದಲ್ಲಿ ಗಿಡ ಹೊಸದಾಗಿರುತ್ತದೆ. ನಿಮ್ಮ ಹೈಡ್ರೇಂಜಿಯಾವನ್ನು ಈ ವರ್ಷ ಮುಟ್ಟಲೇಬೇಡಿ. ಈ ಸಲ ಬಂದ ರೆಂಬೆಗಳ ತುದಿಯಲ್ಲಿ ದಪ್ಪ ಮೊಗ್ಗು ಕೂತಿದೆಯಾ ನೋಡಿ. ಕೂತಿದ್ದರೆ ಹೂ ಅಲ್ಲೇ ಇದೆ.